ಪರೋಕ್ಷವಿನಯ: ಶೋಕವು ಶಾಸನವಾದ ಬಗೆ

ನಿಸಿಧಿ ಶಾಸನಗಳನ್ನು ನಾವು ಸಾಮಾನ್ಯವಾಗಿ ಓದುವುದು ಕಾಲನಿರ್ಣಯಕ್ಕಾಗಿ, ವಂಶಾವಳಿಗಾಗಿ, ಗುರುಪರಂಪರೆಯ ಕೊಂಡಿಗಳಿಗಾಗಿ. ಶಕವರ್ಷ, ತಿಥಿ, ಗಣ, ಗಚ್ಛಗಳ ಹೆಸರು ದೊರೆತೊಡನೆ ಸಂಶೋಧಕನ ಕೆಲಸ ಮುಗಿದಂತಾಗುತ್ತದೆ. ಆದರೆ ಆ ಕಲ್ಲುಗಳನ್ನು ಬರೆಸಿದವರು ತಾಯಿಯನ್ನು ಕಳೆದುಕೊಂಡ ಮಕ್ಕಳು, ಮಡದಿಯನ್ನು ಕಳೆದುಕೊಂಡ ಗಂಡಂದಿರು, ಗುರುವನ್ನು ಅಗಲಿದ ಶಿಷ್ಯರು. ನೋವನ್ನು ಬರಹಕ್ಕಿಳಿಸಿ ಚೇತರಿಸಿಕೊಳ್ಳುವುದನ್ನು ಕುರಿತು ಆಧುನಿಕ ಮನೋವಿಜ್ಞಾನ ಮಾತನಾಡುತ್ತಿರುವ ಈ ಹೊತ್ತಿನಲ್ಲಿ, ಆ ಕಲ್ಲುಗಳನ್ನು ಶೋಕದ ಬರಹಗಳೆಂದು ಮತ್ತೊಮ್ಮೆ ಓದಿನೋಡಬೇಕೆನಿಸುತ್ತದೆ.

ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನನ್ನೇ ನೋಡೋಣ. ಚೋಳರಿಂದ ತಲಕಾಡನ್ನು ಗೆದ್ದ ವೀರನೆಂದು ಚರಿತ್ರೆ ಅವನನ್ನು ನೆನೆಯುತ್ತದೆ. ಆ ಗೆಲುವಿನ ಬೆನ್ನಲ್ಲೇ ಅವನ ಮನೆಯಲ್ಲಿ ಸಾವುಗಳ ಸಾಲು ತೊಡಗಿತು. 1120ರ ಆಸುಪಾಸಿನಲ್ಲಿ ತಾಯಿ ಪೋಚಿಕಬ್ಬೆ, ಅನಂತರ ಮಡದಿ ಲಕ್ಷ್ಮೀಮತಿ, 1123ರಲ್ಲಿ ಗುರು ಶುಭಚಂದ್ರ ಸಿದ್ಧಾಂತದೇವ ತೀರಿಕೊಂಡರು. ಮೂವರ ನೆನಪಿಗೂ ಅವನು ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಶಾಸನ ಬರೆಸಿದನು. ಮಡದಿಯ ಶಾಸನದಲ್ಲಿ ಅವಳ ಆಹಾರ, ಅಭಯ, ಭೈಷಜ್ಯ, ಶಾಸ್ತ್ರದಾನಗಳ ಪ್ರಶಂಸೆಯಿದೆ. ಗಂಡನ ಗೋಳಾಟ ಇಲ್ಲ.

ಈ ಸಂಯಮವನ್ನು ಕಂಡು, ಇಲ್ಲಿ ಭಾವವೇ ಇಲ್ಲ, ಇರುವುದು ರೂಢಿಯ ಹೊಗಳಿಕೆ ಎನ್ನುವವರುಂಟು. ಈ ಆಕ್ಷೇಪಕ್ಕೆ ಉತ್ತರ ಜೈನ ಚಿಂತನೆಯಲ್ಲಿಯೇ ಇದೆ. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯವು ಧ್ಯಾನವನ್ನು ಆರ್ತ, ರೌದ್ರ, ಧರ್ಮ್ಯ, ಶುಕ್ಲವೆಂದು ನಾಲ್ಕಾಗಿ ವಿಂಗಡಿಸುತ್ತದೆ. ಪ್ರಿಯವಾದುದು ಅಗಲಿದಾಗ ಮನಸ್ಸು ಅದನ್ನೇ ಹಂಬಲಿಸಿ ಸುತ್ತುವುದು ಆರ್ತಧ್ಯಾನದ ಒಂದು ಬಗೆ. ಅದನ್ನು ಇಷ್ಟವಿಯೋಗಜವೆಂದು ಕರೆಯುತ್ತಾರೆ. ಶೋಕವಿದೆಯೆಂಬುದನ್ನು ಶಾಸ್ತ್ರ ಅಲ್ಲಗಳೆಯಲಿಲ್ಲ, ಅದಕ್ಕೆ ಹೆಸರನ್ನೇ ಇಟ್ಟಿತು. ಆದರೆ ಅದರಲ್ಲಿಯೇ ನಿಲ್ಲಬಾರದೆಂದಿತು. ಅಗಲಿದವರಿಗೆ ಸಲ್ಲಿಸುವ ಗೌರವಕ್ಕೆ ಶಾಸನಗಳು ಬಳಸುವ ‘ಪರೋಕ್ಷವಿನಯ’ ಎಂಬ ಮಾತಿನ ಹಿಂದೆ ಈ ತಿಳಿವಳಿಕೆ ಇರುವಂತಿದೆ. ಎದುರಿಗಿಲ್ಲದವರೊಡನೆ ಉಳಿದಿರುವ ಸಂಬಂಧವನ್ನು ಹಂಬಲವಾಗಿ ಉಳಿಸದೆ ವಿನಯವಾಗಿ ಮಾರ್ಪಡಿಸುವುದು ಅದರ ಉದ್ದೇಶ.

ಇದಕ್ಕೆ ಹೋಲಿಸಬಹುದಾದ ಒಂದು ಪ್ರಯೋಗವನ್ನು ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಪೆನ್ನೆಬೇಕರ್ ಅವರು ಸ್ಯಾಂಡ್ರಾ ಬೀಲ್ ಅವರೊಡನೆ 1986ರಲ್ಲಿ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆದರು. ಕೆಲವರು ತಮ್ಮ ಬಾಳಿನ ಆಘಾತದ ಸಂಗತಿಗಳನ್ನು ಮಾತ್ರ, ಕೆಲವರು ಭಾವನೆಗಳನ್ನು ಮಾತ್ರ, ಇನ್ನು ಕೆಲವರು ಎರಡನ್ನೂ ಬರೆದರು. ಮತ್ತೊಂದು ಗುಂಪು ಸಾಮಾನ್ಯ ವಿಷಯಗಳನ್ನು ಬರೆಯಿತು. ಸಂಗತಿ ಮತ್ತು ಭಾವಗಳೆರಡನ್ನೂ ಬರೆದವರು ಆ ಹೊತ್ತಿಗೆ ಹೆಚ್ಚು ಖಿನ್ನರಾದರೂ, ಮುಂದಿನ ಆರು ತಿಂಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ಬರಹಗಳ ಭಾಷೆಯನ್ನು ವಿಶ್ಲೇಷಿಸಿದ ಮುಂದಿನ ಅಧ್ಯಯನಗಳಲ್ಲಿ, ದಿನದಿಂದ ದಿನಕ್ಕೆ ಕಾರಣವನ್ನೂ ಅರಿವನ್ನೂ ಸೂಚಿಸುವ ಪದಗಳು ಹೆಚ್ಚುತ್ತ ಹೋದವರಿಗೆ ಪ್ರಯೋಜನ ಹೆಚ್ಚೆಂದು ಕಂಡುಬಂದಿತು. ನೋವನ್ನು ತೋಡಿಕೊಂಡರಷ್ಟೇ ಸಾಲದು, ಅದಕ್ಕೊಂದು ಅರ್ಥದ ನೆಲೆ ದೊರೆಯಬೇಕು ಎಂಬುದು ಇದರ ಸಾರ.

ವಿದ್ಯಾರ್ಥಿಯ ಗುಟ್ಟಿನ ಬರಹವೂ ದಂಡನಾಯಕನು ಬರೆಸಿದ ಶಿಲಾಲೇಖವೂ ಒಂದೇ ಅಲ್ಲ. ಒಂದನ್ನು ಯಾರೂ ಓದಬೇಕಿಲ್ಲ, ಇನ್ನೊಂದನ್ನು ಲೋಕವೆಲ್ಲ ಓದಬೇಕು. ಅರ್ಥ ಕಟ್ಟುವ ಭರದಲ್ಲಿ ಶಿಲಾಲೇಖವು ಗಾಯವನ್ನು ಮುಚ್ಚಿಬಿಡುವ ಅಪಾಯವೂ ಉಂಟು. ಹೆಗ್ಗಡದೇವನಕೋಟೆ ಸೀಮೆಯ ಬೆಳತೂರಿನ 1057ರ ದೇಕಬ್ಬೆಯ ಶಾಸನ ಇದಕ್ಕೆ ನಿದರ್ಶನ. ಅರಸನ ಆಜ್ಞೆಯಿಂದ ಗಂಡ ಏಚನು ತಲಕಾಡಿನಲ್ಲಿ ಹತನಾದ ಸುದ್ದಿ ಕೇಳಿ ಅವಳು ಬೆಂಕಿಯನ್ನು ಹೊಕ್ಕಳು. ಕವಿ ಅವಳನ್ನು ಕೊಂಡಾಡುತ್ತಾನೆ. ಆದರೆ ಹೆತ್ತವರು, ಬಂಧುಗಳು ತಡೆದರೆಂಬುದನ್ನು ಆ ಶಾಸನ ಮರೆಮಾಡುವುದಿಲ್ಲ. ನನಗೆ ಆ ಹೊಗಳಿಕೆಗಿಂತ ಈ ತಡೆಯುವಿಕೆಯೇ ಹೆಚ್ಚು ಸತ್ಯವಾಗಿ ಕೇಳಿಸುತ್ತದೆ. ಶೋಕದ ಬರಹವನ್ನು ಓದುವವನು ಅಲ್ಲಿ ಹೊಗಳಿದ್ದನ್ನು ಮಾತ್ರವಲ್ಲ, ಹೊಗಳಿಕೆಯ ನಡುವೆ ಉಳಿದುಹೋದ ಅಳಲನ್ನೂ ಕೇಳಿಸಿಕೊಳ್ಳಬೇಕು.

ಗಂಗರಾಜನೂ ಒಂದು ದಿನ ತೀರಿಕೊಂಡನು. ಅವನ ಮಗ ಬೊಪ್ಪನು ತಂದೆಯ ನೆನಪಿಗೆ 1133ರಲ್ಲಿ ದೋರಸಮುದ್ರದಲ್ಲಿ, ಇಂದಿನ ಹಳೇಬೀಡಿನಲ್ಲಿ, ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದನು. ಪ್ರತಿಷ್ಠೆಯ ಪ್ರಸಾದ ವಿಷ್ಣುವರ್ಧನನಿಗೆ ತಲುಪಿದಾಗ ಅವನು ಯುದ್ಧದಲ್ಲಿ ಗೆದ್ದಿದ್ದನು, ಅವನಿಗೆ ಮಗನೂ ಹುಟ್ಟಿದ್ದನು. ಆ ಸಂತೋಷದಲ್ಲಿ ದೇವರಿಗೆ ವಿಜಯಪಾರ್ಶ್ವನೆಂಬ ಹೆಸರಾಯಿತು. ಮಗನೊಬ್ಬನ ಶೋಕದಿಂದ ಹುಟ್ಟಿದ ಬಸದಿ ಹೀಗೆ ನಾಡಿನ ಸಂತಸದ ಹೆಸರನ್ನು ಪಡೆಯಿತು. ಸಂಶೋಧಕರು ನಿಸಿಧಿಗಲ್ಲುಗಳ ತೇದಿಯನ್ನು ಅವಶ್ಯವಾಗಿ ಬರೆದುಕೊಳ್ಳಲಿ. ಆ ತೇದಿ ಯಾರದೋ ಮನೆಯಲ್ಲಿ ದೀಪವಾರಿದ ದಿನವೆಂಬುದನ್ನೂ ನೆನಪಿನಲ್ಲಿಡಲಿ.