ಚಾರ್ಜರ್ ಮೇಲೆ ಇಟ್ಟಿದ್ದೆ, ಚಾರ್ಜೇ ಆಗಿಲ್ಲ: ವೈರ್‌ಲೆಸ್ ಚಾರ್ಜಿಂಗ್‌ನ 190 ವರ್ಷಗಳ ಕಥೆ

ಶುರು ಮಾಡೋ ಮುಂಚೆ ನಿಮ್ಮ ಫೋನಿನ ಬ್ಯಾಟರಿ ಎಷ್ಟಿದೆ ಅಂತ ಒಂದು ಸಲ ನೋಡ್ಕೊಳ್ಳಿ. ಯಾಕೆ ಅಂತ ಹೇಳ್ತೀನಿ.

ನಮ್ಮಪ್ಪನಿಗೆ ಶುಗರ್ ಬಂದು ಹದಿನೈದು ವರ್ಷದ ಮೇಲಾಯ್ತು. ಈಗ ಬೆರಳ ತುದಿಗಳು ಜೋಮು ಹಿಡಿದ ಹಾಗೆ ಇರುತ್ತವೆ. ಅಂಗಿ ಗುಂಡಿ ಹಾಕೋದು ನಿಧಾನ, ಔಷಧಿ ಶೀಟಿನಿಂದ ಮಾತ್ರೆ ಬಿಡಿಸೋದು ಕಷ್ಟ, ಫೋನಿಗೆ ಚಾರ್ಜರ್ ಪಿನ್ ಚುಚ್ಚೋದಂತೂ ದೊಡ್ಡ ಸರ್ಕಸ್. ತೂತು ಎಲ್ಲಿದೆ ಅಂತ ಬೆರಳಿಗೆ ಗೊತ್ತಾಗಲ್ಲ, ಅಂದಾಜಿನ ಮೇಲೆ ಒತ್ತುತ್ತಾರೆ. ಎರಡು ಫೋನಿನ ಪೋರ್ಟ್ ಹಾಗೇ ಹೋಯ್ತು. ಈ ಪಾಡ್‌ಕಾಸ್ಟ್‌ಗೆ ಮೊದಲ ಜಾಹೀರಾತಿನ ದುಡ್ಡು ಬಂದಾಗ ನಾನು ಮಾಡಿದ ಕೆಲಸ ಏನಂದ್ರೆ, ನನ್ನ ಹಳೇ ಫೋನನ್ನ ಅಪ್ಪನಿಗೆ ಕೊಟ್ಟು, ಜೊತೆಗೊಂದು ವೈರ್‌ಲೆಸ್ ಚಾರ್ಜಿಂಗ್ ಪ್ಯಾಡ್ ತಂದುಕೊಟ್ಟೆ. "ಇದರ ಮೇಲೆ ಇಟ್ಟುಬಿಡಿ, ಅಷ್ಟೇ" ಅಂದೆ.

ಮೂರು ತಿಂಗಳು ಚೆನ್ನಾಗಿತ್ತು. ಒಂದು ರಾತ್ರಿ ಎರಡೂವರೆಗೆ ಅಪ್ಪನಿಗೆ ಶುಗರ್ ಇಳಿದುಬಿಡ್ತು. ಮೈಯೆಲ್ಲ ಬೆವರು, ಮಾತು ತೊದಲು. ಅಮ್ಮ ನನಗೆ ಫೋನ್ ಮಾಡೋಣ ಅಂತ ನೋಡಿದ್ರೆ ಫೋನ್ ಸತ್ತಿದೆ. ಇಡೀ ರಾತ್ರಿ ಪ್ಯಾಡ್ ಮೇಲೇ ಇತ್ತು, ಆದ್ರೆ ಒಂದು ಬೆರಳಿನಷ್ಟು ಪಕ್ಕಕ್ಕೆ. ಅಮ್ಮ ಗ್ಲೂಕೋಸ್ ಕಲಸಿ ಕುಡಿಸಿ, ಪಕ್ಕದ ಮನೆಯವರನ್ನು ಎಬ್ಬಿಸಿ, ಅವರ ಫೋನಿಂದ ಕಾಲ್ ಮಾಡಿದ್ರು. ಏನೂ ಆಗಲಿಲ್ಲ, ದೇವರ ದಯೆ. ಆದ್ರೆ ಬೆಳಗ್ಗೆ ಅಪ್ಪ ನನ್ನ ಹತ್ರ ಅಪರಾಧಿ ಥರ ಹೇಳಿದ ಮಾತು ಈಗಲೂ ಚುಚ್ಚುತ್ತೆ: "ಚಾರ್ಜರ್ ಮೇಲೇ ಇಟ್ಟಿದ್ದೆ ಕಣೋ, ನೀನು ಹೇಳಿದ ಹಾಗೇ."

ತಪ್ಪು ಅವರದ್ದಲ್ಲ. ಹಾಗಾದ್ರೆ ಯಾರದ್ದು? ನಾನು ಬಿಕಾಂ ಓದಿದವನು, ಫಿಸಿಕ್ಸ್ ಹತ್ತನೇ ಕ್ಲಾಸಿಗೇ ಬಿಟ್ಟವನು. ಆದ್ರೂ ಆ ಒಂದು ಬೆರಳಿನ ದೂರದ ಹಿಂದೆ ಬಿದ್ದೆ. ಅದು ನನ್ನನ್ನ 1831ಕ್ಕೆ ಕರ್ಕೊಂಡು ಹೋಯ್ತು.

ಆ ವರ್ಷ ಆಗಸ್ಟ್‌ನಲ್ಲಿ, ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ, ಮೈಕೆಲ್ ಫ್ಯಾರಡೆ ಅನ್ನೋ ಕಮ್ಮಾರನ ಮಗ ಒಂದು ಕಬ್ಬಿಣದ ಉಂಗುರಕ್ಕೆ ಎರಡು ಕಡೆ ತಾಮ್ರದ ತಂತಿ ಸುತ್ತಿದ. ಒಂದು ಸುರುಳಿಗೂ ಇನ್ನೊಂದಕ್ಕೂ ಸಂಪರ್ಕ ಇಲ್ಲ. ಒಂದರಲ್ಲಿ ಕರೆಂಟ್ ಹರಿಸಿದ ಕ್ಷಣ, ನಿಲ್ಲಿಸಿದ ಕ್ಷಣ, ಇನ್ನೊಂದಕ್ಕೆ ಜೋಡಿಸಿದ್ದ ಮುಳ್ಳು ಅಲುಗಾಡಿತು. ಬದಲಾಗುವ ಕಾಂತಕ್ಷೇತ್ರ ಪಕ್ಕದ ತಂತಿಯಲ್ಲಿ ಕರೆಂಟ್ ಹುಟ್ಟಿಸುತ್ತೆ. ನಿಮ್ಮ ವೈರ್‌ಲೆಸ್ ಚಾರ್ಜರ್ ಇವತ್ತಿಗೂ ಇದೇ. ಪ್ಯಾಡ್ ಒಳಗೊಂದು ತಾಮ್ರದ ಸುರುಳಿ, ಫೋನಿನ ಬೆನ್ನಿನಲ್ಲೊಂದು. ಪ್ಯಾಡಿನ ಕರೆಂಟ್ ಸೆಕೆಂಡಿಗೆ ಲಕ್ಷಕ್ಕೂ ಹೆಚ್ಚು ಸಲ ದಿಕ್ಕು ಬದಲಿಸುತ್ತೆ, ಅಷ್ಟೇ ವ್ಯತ್ಯಾಸ. ಎರಡು ಸುರುಳಿ ಎದುರುಬದುರು, ಕೆಲವೇ ಮಿಲಿಮೀಟರ್ ಅಂತರದಲ್ಲಿ ಇದ್ರೆ ಶಕ್ತಿ ದಾಟುತ್ತೆ. ಸ್ವಲ್ಪ ಸರಿದ್ರೆ ಕಡಿಮೆ ದಾಟುತ್ತೆ, ಮಿಕ್ಕಿದ್ದು ಬಿಸಿಯಾಗಿ ಹೋಗುತ್ತೆ. ಇನ್ನೂ ಸರಿದ್ರೆ ಏನೂ ಇಲ್ಲ. ಅಪ್ಪನ ಕಥೆ ಇಷ್ಟೇ.

ಈಗ ಈ ದೂರವನ್ನೇ ಅಳಿಸಿಹಾಕ್ತೀನಿ ಅಂತ ಹೊರಟವನ ಕಥೆ. ನಿಕೋಲಾ ಟೆಸ್ಲಾ. 1891ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ಕಾಲೇಜಿನಲ್ಲಿ ಇಂಜಿನಿಯರುಗಳ ಮುಂದೆ ತಂತಿಯೇ ಇಲ್ಲದೆ ಗಾಜಿನ ಕೊಳವೆಗಳನ್ನು ಬೆಳಗಿಸಿ ತೋರಿಸಿದ ಮನುಷ್ಯ. 1901ರಲ್ಲಿ ಬ್ಯಾಂಕರ್ ಜೆ.ಪಿ. ಮೋರ್ಗನ್ ಹತ್ರ ಒಂದೂವರೆ ಲಕ್ಷ ಡಾಲರ್ ಪಡೆದು, ಲಾಂಗ್ ಐಲ್ಯಾಂಡ್‌ನಲ್ಲಿ ವಾರ್ಡನ್‌ಕ್ಲಿಫ್ ಅನ್ನೋ 187 ಅಡಿ ಎತ್ತರದ ಗೋಪುರ ಕಟ್ಟೋಕೆ ಶುರು ಮಾಡಿದ. ಮೋರ್ಗನ್ ದುಡ್ಡು ಕೊಟ್ಟಿದ್ದು ಅಟ್ಲಾಂಟಿಕ್ ಆಚೆಗೆ ಸಂದೇಶ ಕಳಿಸೋಕೆ. ಟೆಸ್ಲಾ ತಲೆಯಲ್ಲಿ ಇದ್ದಿದ್ದು ಭೂಮಿಯ ಮೂಲಕವೇ ಜಗತ್ತಿಗೆಲ್ಲ ಕರೆಂಟ್ ಹಂಚೋದು. ಅದೇ ಡಿಸೆಂಬರ್‌ನಲ್ಲಿ ಮಾರ್ಕೋನಿ ಅಷ್ಟೆಲ್ಲ ಖರ್ಚಿಲ್ಲದೆ ಸಂದೇಶ ದಾಟಿಸಿಬಿಟ್ಟ. ಟೆಸ್ಲಾ ಮತ್ತೆ ಮತ್ತೆ ದುಡ್ಡು ಕೇಳಿದ, ಮೋರ್ಗನ್ ಇಲ್ಲ ಅಂದ.

"ಇದಕ್ಕೆ ಮೀಟರ್ ಎಲ್ಲಿ ಹಾಕೋದು ಅಂತ ಮೋರ್ಗನ್ ಕೇಳಿದ, ಫ್ರೀ ಕರೆಂಟನ್ನ ಬಂಡವಾಳಗಾರರು ಕೊಂದುಹಾಕಿದ್ರು" ಅನ್ನೋ ರೀಲ್ಸ್ ನೀವೂ ನೋಡಿರ್ತೀರಿ. ನಾನೂ ಒಂದು ಕಾಲದಲ್ಲಿ ಶೇರ್ ಮಾಡಿದ್ದೆ, ಕ್ಷಮಿಸಿ. ಮೋರ್ಗನ್ ಹಾಗೆ ಅಂದ ಅನ್ನೋದಕ್ಕೆ ಗಟ್ಟಿ ದಾಖಲೆ ಇಲ್ಲ. ಕಾಮರ್ಸ್ ಕಣ್ಣಿಂದ ನೋಡಿದ್ರೆ ವಿಷಯ ಸರಳ: ಒಂದು ಕೆಲಸಕ್ಕೆ ಅಂತ ದುಡ್ಡು ತಗೊಂಡು ಇನ್ನೊಂದು ಕೆಲಸ ಶುರು ಮಾಡಿದ್ರೆ ಎರಡನೇ ಕಂತು ಯಾರೂ ಕೊಡಲ್ಲ. ಅದಕ್ಕಿಂತ ಮುಖ್ಯ, ಆ ಐಡಿಯಾ ಅವನು ಹೇಳಿದ ಥರ ಕೆಲಸ ಮಾಡ್ತಿರಲಿಲ್ಲ. ಕೊನೆಗೆ ಹೋಟೆಲ್ ಬಾಡಿಗೆ ಬಾಕಿಗೆ ಆ ಜಾಗವನ್ನೇ ಬರೆದುಕೊಟ್ಟ. 1917ರಲ್ಲಿ ಗೋಪುರ ಕೆಡವಿದರು.

ಇಲ್ಲೊಂದು ನಮ್ಮ ಕಡೆಯ ವಿಷಯ ಹೇಳಲೇಬೇಕು. ಗೋಪುರ ಎದ್ದು ನಿಲ್ತಾ ಇದ್ದ ಅದೇ 1902ರಲ್ಲಿ, ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಮೈಸೂರು ಸರ್ಕಾರ ಕರೆಂಟ್ ಹರಿಸಿತ್ತು. ಆಗ ಜಗತ್ತಿನ ಅತಿ ಉದ್ದದ ಲೈನುಗಳಲ್ಲಿ ಅದೂ ಒಂದು. ಟೆಸ್ಲಾ ಯಾವ ಎಸಿ ಕರೆಂಟಿಗೋಸ್ಕರ ಯೌವನ ಸವೆಸಿದ್ದನೋ ಅದೇ ಎಸಿ, ಕಂಬದಿಂದ ಕಂಬಕ್ಕೆ. ಅಂದ್ರೆ ಅವನ ದೊಡ್ಡ ಕನಸು ಬಿದ್ದುಹೋಗ್ತಿದ್ದ ಹೊತ್ತಲ್ಲೇ ಅವನ ಹಳೇ ಕೆಲಸ ಗಣಿಯ ಯಂತ್ರಗಳನ್ನ ಓಡಿಸ್ತಾ ಇತ್ತು. ತಂತಿ ಗೆದ್ದಿತ್ತು.

ಆಮೇಲೆ ತುಂಬಾ ವರ್ಷ ಈ ತಂತ್ರ ಮನೆಯೊಳಗೆ ಬಂದಿದ್ದು ಯಾರೂ ಗಮನಿಸದ ಜಾಗದಲ್ಲಿ. ಬಾತ್‌ರೂಮ್! ಎಲೆಕ್ಟ್ರಿಕ್ ಟೂತ್‌ಬ್ರಷ್. ನೀರಿರೋ ಕಡೆ ಲೋಹದ ಪಿನ್ ಇದ್ರೆ ತುಕ್ಕು, ಶಾಕ್ ಭಯ. ಹಾಗಾಗಿ ಪೂರ್ತಿ ಪ್ಲಾಸ್ಟಿಕ್ ಮುಚ್ಚಿದ ಬ್ರಷ್, ಪೂರ್ತಿ ಮುಚ್ಚಿದ ಸ್ಟ್ಯಾಂಡ್. ಸ್ಟ್ಯಾಂಡಿನಲ್ಲೊಂದು ಗೂಟ, ಬ್ರಷ್ಷಿನ ಬುಡದಲ್ಲೊಂದು ಕುಳಿ. ಗೂಟಕ್ಕೆ ಕೂರಿಸಿದ್ರೆ ಸುರುಳಿಗಳು ತಾವೇ ಜೋಡಿಯಾಗ್ತವೆ, ತಪ್ಪಿಡೋಕೆ ದಾರಿಯೇ ಇಲ್ಲ. ರಾತ್ರಿಯೆಲ್ಲ ನಿಧಾನ ಚಾರ್ಜ್ ಆದ್ರೂ ಯಾರಿಗೂ ಅವಸರ ಇಲ್ಲ. ನನ್ನ ಪ್ರಕಾರ ಮನೆಬಳಕೆಯ ವೈರ್‌ಲೆಸ್ ಚಾರ್ಜಿಂಗ್‌ನಲ್ಲಿ ಇದಕ್ಕಿಂತ ಬುದ್ಧಿವಂತ ಉಪಯೋಗ ಇನ್ನೂ ಬಂದಿಲ್ಲ. ಕಾರಿಗೂ ಪ್ರಯತ್ನ ಆಗಿತ್ತು. 1996ರಲ್ಲಿ ಜನರಲ್ ಮೋಟರ್ಸ್ ತಂದ ಇವಿ1 ಕಾರಿಗೆ ಪ್ಲಾಸ್ಟಿಕ್ ಹುಟ್ಟಿನಂಥದ್ದನ್ನ ತೂರಿಸಿ ಚಾರ್ಜ್ ಮಾಡ್ತಿದ್ರು. ಕ್ಯಾಲಿಫೋರ್ನಿಯಾ ಲೋಹ ಮುಟ್ಟುವ ಪ್ಲಗ್ಗೇ ಸ್ಟ್ಯಾಂಡರ್ಡ್ ಅಂತ ತೀರ್ಮಾನಿಸಿದ ಮೇಲೆ ಅದೂ ಮುಗೀತು.

ಮೊಬೈಲ್ ಬಂದ ಮೇಲೆ ಹಸಿವು ಶುರುವಾಯ್ತು. ಅಮೆರಿಕದ ಎಂಐಟಿಯಲ್ಲಿ ಮರಿನ್ ಸೋಲ್ಯಾಚಿಚ್ ಅನ್ನೋ ಪ್ರೊಫೆಸರ್ ಇದ್ದಾರೆ. ಚಾರ್ಜಿಗೆ ಹಾಕೋದು ಮರೆತ ಮೊಬೈಲ್ ರಾತ್ರಿ ಬೀಪ್ ಬೀಪ್ ಅಂತ ಎಬ್ಬಿಸ್ತಿತ್ತಂತೆ. ಮನೆ ತುಂಬಾ ಕರೆಂಟ್ ಇದೆ, ಈ ಫೋನ್ ತಾನೇ ಯಾಕೆ ತಗೋಬಾರದು ಅನ್ನೋ ಸಿಟ್ಟಿಂದ ಕೆಲಸ ಶುರು ಮಾಡಿದ್ರು. 2007ರಲ್ಲಿ ಅವರ ತಂಡ ಎರಡಡಿ ಅಗಲದ ತಾಮ್ರದ ಸುರುಳಿಗಳನ್ನ ತೂಗುಹಾಕಿ, 2 ಮೀಟರ್ ದೂರದಿಂದ 60 ವ್ಯಾಟ್ ಬಲ್ಬ್ ಹೊತ್ತಿಸಿತು. ಸುರುಳಿಯಿಂದ ಸುರುಳಿಗೆ ದಾಟಿದ್ದು ಸುಮಾರು ಶೇ. 40. ಪತ್ರಿಕೆಗಳು ಕುಣಿದಾಡಿದವು. ಅರ್ಧಕ್ಕಿಂತ ಹೆಚ್ಚು ದಾರಿಯಲ್ಲೇ ಹೋಯ್ತಲ್ಲ ಅಂತ ನನ್ನಂಥ ಲೆಕ್ಕದವರು ಮಾತ್ರ ಗೊಣಗಬಹುದು.

ಇನ್ನು ಬಂದಿದ್ದು ಜಗಳದ ಕಾಲ. ಈ ಭಾಗ ಬೇಗ ಹೇಳ್ತೀನಿ, ಯಾಕಂದ್ರೆ ತಲೆನೋವು. 2008ರಲ್ಲಿ ವೈರ್‌ಲೆಸ್ ಪವರ್ ಕನ್ಸೋರ್ಷಿಯಂ ಹುಟ್ಟಿತು. ಅದರ ಸ್ಟ್ಯಾಂಡರ್ಡ್ ಹೆಸರು 'ಚೀ', ಚೀನೀ ಭಾಷೆಯಲ್ಲಿ ಪ್ರಾಣಶಕ್ತಿ ಅನ್ನೋ ಅರ್ಥದ ಪದ. 2012ರಲ್ಲಿ ಪವರ್‌ಮ್ಯಾಟ್ ಕಡೆಯವರದ್ದು ಇನ್ನೊಂದು ಗುಂಪು, ಸ್ಯಾಮ್‌ಸಂಗ್ ಮತ್ತು ಕ್ವಾಲ್ಕಾಮ್ ಸೇರಿ ಮಗದೊಂದು. ಒಬ್ಬರ ಪ್ಯಾಡ್ ಮೇಲೆ ಇನ್ನೊಬ್ಬರ ಫೋನಿಟ್ರೆ ನೋಡ್ಕೊಂಡು ಕೂರಬೇಕು. ನೋಕಿಯಾ ಲೂಮಿಯಾ 920 ಚೀ ಹಿಡಿದರೆ, ಅಮೆರಿಕದ ಸ್ಟಾರ್‌ಬಕ್ಸ್ ಟೇಬಲ್ಲುಗಳಲ್ಲಿ ಪವರ್‌ಮ್ಯಾಟ್. 2017ರ ಸೆಪ್ಟೆಂಬರ್‌ನಲ್ಲಿ ಐಫೋನ್ 8 ಮತ್ತು ಐಫೋನ್ 10 ಚೀ ಜೊತೆ ಬಂದವು. ಕೆಲವೇ ತಿಂಗಳಲ್ಲಿ ಪವರ್‌ಮ್ಯಾಟ್ ಕೂಡ ಚೀ ಗುಂಪಿಗೆ ಸೇರ್ತು. ಅಷ್ಟು ವರ್ಷದ ಜಗಳ ಒಂದು ಗಿರಾಕಿ ಬಂದ ಕೂಡಲೇ ಮುಗಿದ ಹಾಗೆ.

ಅದೇ ವೇದಿಕೆ ಮೇಲೆ ಆಪಲ್ ಏರ್‌ಪವರ್ ಅನ್ನೋ ಚಾಪೆಯನ್ನೂ ತೋರಿಸಿತ್ತು. ಫೋನ್, ವಾಚ್, ಇಯರ್‌ಫೋನ್ ಡಬ್ಬಿ ಮೂರನ್ನೂ ಎಲ್ಲಿ ಬೇಕಾದ್ರೂ ಇಡಿ, ಚಾರ್ಜ್ ಆಗುತ್ತೆ ಅಂತ. ಅಂದ್ರೆ ನಮ್ಮಪ್ಪನಿಗೆ ಬೇಕಾಗಿದ್ದ ವಸ್ತು ಸರಿಯಾಗಿ ಅದೇ! ಅದಕ್ಕೆ ಹತ್ತಾರು ಸುರುಳಿಗಳನ್ನ ಒಂದರ ಮೇಲೊಂದು ಹಾಸಬೇಕು, ಹಾಸಿದ್ರೆ ಬಿಸಿ ನಿಭಾಯಿಸಬೇಕು. ಒಂದೂವರೆ ವರ್ಷ ಕಾದ ಮೇಲೆ, 2019ರ ಮಾರ್ಚ್‌ನಲ್ಲಿ ಕಂಪನಿಯೇ ಕೈಚೆಲ್ಲಿತು. ಅಷ್ಟು ದುಡ್ಡಿರೋ ಕಂಪನಿಗೂ ಫ್ಯಾರಡೆ ರಿಯಾಯಿತಿ ಕೊಡಲಿಲ್ಲ.

ಮತ್ತೆ ಪರಿಹಾರ ಎಲ್ಲಿಂದ ಬಂತು ಅಂತೀರಾ? ಟೂತ್‌ಬ್ರಷ್ ಬುದ್ಧಿಯಿಂದಲೇ. ಬೇಕಾದ ಕಡೆ ಇಡೋ ಸ್ವಾತಂತ್ರ್ಯ ಬಿಟ್ಟುಕೊಡಿ, ಸರಿಯಾದ ಜಾಗದಲ್ಲಿ ಅದೇ ಕೂರೋ ಹಾಗೆ ಮಾಡಿ. 2020ರಲ್ಲಿ ಐಫೋನ್ 12ರ ಬೆನ್ನಿಗೆ ಅಯಸ್ಕಾಂತದ ಉಂಗುರ ಬಂತು, 2023ರಲ್ಲಿ ಅದೇ ಆಧಾರದ ಮೇಲೆ ಚೀ 2. ಆದ್ರೆ ನನಗೆ ಹೊಟ್ಟೆ ಉರಿಸಿದ ವಿಷಯ ಇದು: 2009ರಲ್ಲೇ ಪಾಮ್ ಪ್ರೀ ಅನ್ನೋ ಫೋನಿಗೆ ಟಚ್‌ಸ್ಟೋನ್ ಅನ್ನೋ ಚಾರ್ಜರ್ ಬಂದಿತ್ತು, ಅಯಸ್ಕಾಂತ ಹಾಕಿಕೊಂಡೇ! ಫೋನ್ ತಂದ್ರೆ ಸಾಕು, ಎಳ್ಕೊಂಡು ಸರಿಯಾದ ಜಾಗದಲ್ಲಿ ಹಿಡ್ಕೊಳ್ತಿತ್ತು. ಎಚ್‌ಪಿ ಆ ಕಂಪನಿಯನ್ನ ಕೊಂಡ್ಕೊಂಡು 2011ರಲ್ಲಿ ಆ ಫೋನುಗಳನ್ನೇ ನಿಲ್ಲಿಸಿಬಿಡ್ತು. ಗೊತ್ತಿದ್ದ ಉತ್ತರಕ್ಕೆ ಜಗತ್ತು ಇನ್ನೂ ಹತ್ತು ವರ್ಷ ಕಾಯ್ತು.

ಈಗ ನನ್ನ ಸಬ್ಜೆಕ್ಟು, ಲೆಕ್ಕ. 2020ರಲ್ಲಿ ಒನ್‌ಝೀರೋ ಅನ್ನೋ ಟೆಕ್ ಪತ್ರಿಕೆ ಪಿಕ್ಸೆಲ್ 4 ಫೋನನ್ನ ಅಳೆದು ನೋಡಿತ್ತು. ಕೇಬಲ್‌ನಲ್ಲಿ ಫುಲ್ ಚಾರ್ಜಿಗೆ ಸರಾಸರಿ 14.26 ವ್ಯಾಟ್-ಅವರ್, ಪ್ಯಾಡಿನಲ್ಲಿ 21.01. ಶೇ. 47 ಜಾಸ್ತಿ! ಕೇಳೋಕೆ ಗಾಬರಿ. ಈಗ ದಿನಕ್ಕೊಂದು ಫುಲ್ ಚಾರ್ಜ್ ಅಂತ ವರ್ಷಕ್ಕೆ ಗುಣಿಸಿ: ಹೆಚ್ಚುವರಿ ಖರ್ಚು ಎರಡೂವರೆ ಯೂನಿಟ್ಟಿನ ಹತ್ತಿರ. ಯೂನಿಟ್ಟಿಗೆ 7 ರೂಪಾಯಿ ಅಂತ ಇಟ್ಕೊಂಡ್ರೂ 17 ರೂಪಾಯಿ. ಒಂದು ಬೈಟು ಕಾಫಿಯೂ ಬರಲ್ಲ. ನಿಮ್ಮ ಮನೆ ಕರೆಂಟ್ ಬಿಲ್ಲಿಗೆ ಇದು ಲೆಕ್ಕಕ್ಕಿಲ್ಲ. ಕೋಟಿಗಟ್ಟಲೆ ಫೋನಿಗೆ ಗುಣಿಸಿದಾಗ ಮಾತು ಬೇರೆ.

ಮನೆಯಲ್ಲಿ ಬೀಳೋ ನಿಜವಾದ ಖರ್ಚು ಬೇರೆ ಕಡೆ ಇದೆ. ಆ ಕಳೆದುಹೋದ ಶಕ್ತಿ ಬಿಸಿಯಾಗಿ ಕೂರೋದು ಫೋನಿನ ಬೆನ್ನಿಗೆ, ಬ್ಯಾಟರಿ ಇರೋ ಜಾಗದಲ್ಲೇ. ಲಿಥಿಯಂ ಬ್ಯಾಟರಿಗೆ ಬಿಸಿ ಆಗಿಬರಲ್ಲ, ಬೇಗ ಮುದಿಯಾಗುತ್ತೆ. ಬೇಸಿಗೆಯಲ್ಲಿ ದಪ್ಪ ಕವರ್ ಸಮೇತ ಪ್ಯಾಡ್ ಮೇಲಿಟ್ಟು, ಬೆಳಗ್ಗೆ ಮುಟ್ಟಿ ನೋಡಿ. ಬ್ಯಾಟರಿ ಬದಲಾಯಿಸೋ ಖರ್ಚಿನ ಮುಂದೆ ಆ 17 ರೂಪಾಯಿ ಏನೂ ಅಲ್ಲ. ಇನ್ನು ಚಾರ್ಜ್ ಆಗ್ತಾ ಇರೋವಾಗ ಫೋನ್ ಕೈಯಲ್ಲಿ ಹಿಡಿದು ಮಾತಾಡೋ ಹಾಗಿಲ್ಲ, ಪ್ಯಾಡಿನಿಂದ ಎತ್ತಿದ್ರೆ ಮುಗೀತು. 'ವೈರ್‌ಲೆಸ್' ಅಂತ ಹೆಸರಾದ್ರೂ ಪ್ಯಾಡಿನಿಂದ ಗೋಡೆಗೆ ವೈರ್ ಇದ್ದೇ ಇದೆ. ಕಡಿಮೆ ಬೆಲೆಯ ಫೋನುಗಳಲ್ಲಿ ಈ ಸುರುಳಿ ಇರೋದೇ ಅಪರೂಪ. ಪಿನ್ ಚುಚ್ಚೋಕೆ ಕಷ್ಟಪಡೋ ನಮ್ಮ ಅಪ್ಪ ಅಮ್ಮಂದಿರ ಕೈಯಲ್ಲಿ ಇರೋದು ಅವೇ ಫೋನುಗಳು. ಇದಕ್ಕೆ ಮಾತ್ರ ನನಗೆ ಸಿಟ್ಟಿದೆ. ಈ ಸೌಲಭ್ಯ ಬೇಕಾಗಿರೋದು ಜೋಮು ಹಿಡಿದ ಬೆರಳಿಗೆ, ನಡುಗೋ ಕೈಗೆ, ಕಣ್ಣು ಮಂಜಾದವರಿಗೆ. ಮಾರಾಟ ಆಗ್ತಿರೋದು ನನ್ನಂಥ ಸೋಮಾರಿಗಳಿಗೆ.

ಅಪ್ಪನ ಫೋನಿಗೆ ಈಗ ಅಯಸ್ಕಾಂತದ ಉಂಗುರ ಇರೋ ಕವರ್ ಹಾಕಿದೀನಿ, ಅದಕ್ಕೆ ತಕ್ಕ ಚಾರ್ಜರ್ ತಂದಿದೀನಿ. ಹತ್ತಿರ ತಂದ್ರೆ ಟಕ್ ಅಂತ ಹಿಡ್ಕೊಳ್ಳುತ್ತೆ. ಬೆರಳಿಗೆ ಗೊತ್ತಾಗದಿದ್ರೂ ಕಿವಿಗೆ ಗೊತ್ತಾಗುತ್ತೆ. ಅಮ್ಮನ ಹಳೇ ಕೀಪ್ಯಾಡ್ ಫೋನನ್ನೂ ಮತ್ತೆ ಚಾಲೂ ಮಾಡಿಸಿ ಮಂಚದ ಪಕ್ಕ ಇಡಿಸಿದೀನಿ, ಅದಕ್ಕೆ ಪಿನ್ ಚಾರ್ಜರ್ರೇ.

ಈ ಎಪಿಸೋಡ್ ರೆಕಾರ್ಡ್ ಮಾಡೋ ಹಿಂದಿನ ರಾತ್ರಿ ಫೋನ್ ಮಾಡಿ, "ಅಪ್ಪಾ, ಚಾರ್ಜಿಗೆ ಇಟ್ರಾ?" ಅಂತ ಕೇಳಿದೆ.

"ಆಗ್ಲೇ ಟಕ್ ಅಂತು ಕಣೋ, ನಿನ್ನ ಫೋನ್ ಬಂತು ಅಂತ ಮತ್ತೆ ತೆಗೆದೆ" ಅಂದ್ರು ಖುಷಿಯಾಗಿ.

ಹಿಂದಿನಿಂದ ಅಮ್ಮನ ದನಿ: "ಟಕ್ ಏನೋ ಅಂತು. ಗೋಡೆ ಸ್ವಿಚ್ಚು ಹಾಕಿರ್ಲಿಲ್ಲ, ನಾನೇ ಹಾಕ್ದೆ."