ಕಪಿಲೆಯ ತೊಗಲು, ಕಾರಿನ ಸೀಟು

ಹಳೆಯ ಮೈಸೂರು ಸೀಮೆಯಲ್ಲಿ ಎತ್ತುಗಳು ಕಪಿಲೆ ಎಳೆಯುತ್ತಿದ್ದ ಕಾಲದಲ್ಲಿ ತೊಗಲಿಗೆ ಎಣ್ಣೆಯೇ ಔಷಧ. ತಂಗಡಿ ಚಕ್ಕೆಯ ನೀರಿನಲ್ಲಿ ಹದಮಾಡಿದ ಚರ್ಮ ಎಣ್ಣೆ ಕಾಣದಿದ್ದರೆ ಬಿರುಕು ಬಿಡುತ್ತಿತ್ತು. ಸದಾ ಬಾವಿಯಲ್ಲಿ ಮುಳುಗೇಳುವ ನೀರಿನ ಚೀಲವಂತೂ ಬೇಗ ಕೊಳೆಯುತ್ತಿತ್ತು. ಅದನ್ನು ಹೊಲಿದು, ಹರಿದಾಗ ತೇಪೆ ಹಾಕುತ್ತಿದ್ದ ಮಾದಿಗರಿಗೆ ಸುಗ್ಗಿಯಲ್ಲಿ ಸಿಗುತ್ತಿದ್ದುದು ಆಯದ ಧಾನ್ಯ. ಊರ ಬೆಳೆಗೆ ನೀರುಣಿಸಿದ ಹೊಲಿಗೆ ಅವರದು. ಊರಬಾವಿ ಮುಟ್ಟುವ ಹಕ್ಕು ಮಾತ್ರ ಅವರಿಗಿರಲಿಲ್ಲ.

20ನೇ ಶತಮಾನದ ಆರಂಭದಲ್ಲಿ ಮದ್ರಾಸಿನಲ್ಲಿ ಆಲ್‌ಫ್ರೆಡ್ ಚಾಟರ್ಟನ್ ಕ್ರೋಮ್ ಹದವನ್ನು ಬಳಕೆಗೆ ತಂದರು. ನೀರಿಗೆ ಜಗ್ಗದ ಈ ಚರ್ಮ ಕಪಿಲೆಗೆ ತಕ್ಕುದೆಂಬುದು ಅವರ ಎಣಿಕೆ. 1912ರಲ್ಲಿ ಅವರೇ ಮೈಸೂರು ಸಂಸ್ಥಾನದ ಕೈಗಾರಿಕಾ ನಿರ್ದೇಶಕರಾದರು. ಅಷ್ಟರಲ್ಲಾಗಲೇ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ವಿದ್ಯುತ್ ಹುಟ್ಟಿತ್ತು. 1902ರಲ್ಲಿ ಅದು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ! ಕಪಿಲೆಯನ್ನು ಮೂಲೆಗೆ ತಳ್ಳಿದ ಪಂಪು ಹಳ್ಳಿಗೆ ಬಂದದ್ದು ಎಷ್ಟೋ ತಡವಾಗಿ.

ಇಂದಿನ ಕಾರು ಸೀಟಿನ ಚರ್ಮ ಹೆಚ್ಚಾಗಿ ಇದೇ ಕ್ರೋಮ್ ಹದದ್ದು, ಮೇಲೊಂದು ಬಣ್ಣದ ಲೇಪ. ಅಜ್ಜನಂತೆ ಎಣ್ಣೆ ಸವರಿದರೆ ಅದು ಒಳಗಿಳಿಯದು. ಧೂಳು ಹಿಡಿದು, ಕಪ್ಪು ಸೀಟಿನ ಬಿಳಿ ಹೊಲಿಗೆ ಮಾಸುತ್ತದೆ. ಮೆತ್ತನೆಯ ಬ್ರಷ್ಷಿನಿಂದ ಹೊಲಿಗೆಯ ಧೂಳು ಕೊಡವಿ, ಚೆನ್ನಾಗಿ ಹಿಂಡಿದ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.