ಬಿಲ್ಲು ಹೋದರೂ ‘ಬಿಲ್ಲಿಗೆ’ ನಿಂತವರು

ಕಾಡುಕೋಳಿಯನ್ನು ಬಾಣದಿಂದ ಹೊಡೆದವನಿದ್ದರೆ ಅವನ ಕೈಚಳಕದಷ್ಟೇ ಅವನ ಅದೃಷ್ಟವನ್ನೂ ಹೊಗಳಬೇಕು. ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳಲ್ಲಿ ಗದ್ದೆ ಮುಗಿದು ಬೆಟ್ಟ ಶುರುವಾಗುವಲ್ಲಿ ಬೆಳಗಿನ ಹೊತ್ತು ಈ ಹಕ್ಕಿಯ ಕೂಗು ಕೇಳದ ಊರು ಅಪರೂಪ. ಆದರೆ ಕೂಗು ಕೇಳಿದವರೆಲ್ಲ ಹಕ್ಕಿಯನ್ನು ಕಂಡವರಲ್ಲ. ತರಗೆಲೆಯ ಮೇಲೆ ಕಾಲು ಇಟ್ಟ ಸದ್ದಾದರೆ ಸಾಕು, ಅದು ಓಡಿ ಪೊದೆ ಸೇರುತ್ತದೆ. ಹಾರುವುದು ಕೊನೆಯ ಉಪಾಯ. ಮುಂಜಾನೆ ಮತ್ತು ಸಂಜೆ ಮಾತ್ರ ಬಯಲಿಗೆ ಬಂದು ಮೇಯುತ್ತದೆ, ರಾತ್ರಿ ಮರದ ಮೇಲೆ ಕೂರುತ್ತದೆ. ಬಿದಿರು ಹೂಬಿಟ್ಟು ಅಕ್ಕಿ ಉದುರಿದ ವರ್ಷ ಮಾತ್ರ ಎಲ್ಲೆಲ್ಲಿಂದಲೋ ಬಂದು ಗುಂಪುಗೂಡುತ್ತದೆ. ಬೇಟೆಗಾರನಿಗೆ ಅದೇ ಸುಗ್ಗಿ.

ಅಮೆರಿಕದಲ್ಲಿ ಇಂದಿಗೂ ವಸಂತ ಬಂತೆಂದರೆ ಬಿಲ್ಲು ಹಿಡಿದು ಕಾಡು ಟರ್ಕಿಕೋಳಿಯ ಬೇಟೆಗೆ ಹೊರಡುವವರಿದ್ದಾರೆ. ಪರವಾನಗಿ ಪಡೆದು, ಗೊತ್ತಾದ ದಿನಗಳಲ್ಲಿ, ಹೆಣ್ಣುಕೋಳಿಯ ದನಿ ಅನುಕರಿಸಿ ಹುಂಜವನ್ನು ಹತ್ತಿರ ಕರೆದು ಹೊಡೆಯುವುದು ಅಲ್ಲಿನ ಕ್ರಮ. ಟರ್ಕಿಕೋಳಿ ನಮ್ಮ ಹಕ್ಕಿಯಲ್ಲ. ಆದರೆ ಅದರ ಚರಿತ್ರೆ ಪಶ್ಚಿಮ ಕರಾವಳಿಯನ್ನು ಒಮ್ಮೆ ಸವರಿಕೊಂಡು ಹೋಗಿದೆ. 1612ರಲ್ಲಿ ಮುಕರಬ್ ಖಾನ್ ಎಂಬ ಅಧಿಕಾರಿ ಗೋವೆಯ ಪೋರ್ಚುಗೀಸರಿಂದ ಈ ಹಕ್ಕಿಯನ್ನು ಪಡೆದು ಮೊಗಲ್ ದೊರೆ ಜಹಾಂಗೀರನಿಗೆ ಒಯ್ದ. ದೊರೆ ಬೆರಗಾಗಿ ಅದರ ಚಿತ್ರ ಬರೆಸಿದ. ಚಿತ್ರಕಾರ ಮನ್ಸೂರ್‌ನ ಆ ಕೃತಿ ಈಗ ಲಂಡನ್ನಿನ ಮ್ಯೂಸಿಯಮ್ಮಿನಲ್ಲಿದೆ. ಇನ್ನೂ ತಮಾಷೆಯೆಂದರೆ, ಮೆಕ್ಸಿಕೋ ಕಡೆಯ ಈ ಕೋಳಿಗೆ ಡಚ್ಚರು ಇಟ್ಟ ಹೆಸರು ‘ಕಾಲ್ಕೂನ್’. ಅಂದರೆ ಕಲ್ಲಿಕೋಟೆಯ ಕೋಳಿ!

ನಮ್ಮ ಕಾಡುಕೋಳಿ ಬೇರೆ ಜಾತಿಯದು. ಬೂದುಬಣ್ಣದ ಈ ಜಾತಿ ಭಾರತದ ಪರ್ಯಾಯದ್ವೀಪ ಬಿಟ್ಟು ಜಗತ್ತಿನ ಬೇರೆಲ್ಲೂ ಕಾಡಿನಲ್ಲಿ ಸಿಗದು. ಮನೆಕೋಳಿಯ ಮೂಲ ಈಶಾನ್ಯದ ಕಡೆಯ ಕೆಂಪು ಕಾಡುಕೋಳಿಯೇ ಆದರೂ, ಅದರ ಹಳದಿ ಚರ್ಮದ ಗುಣ ಬಂದದ್ದು ಈ ಬೂದು ಕೋಳಿಯಿಂದ ಎಂದು 2008ರಲ್ಲಿ ವಿಜ್ಞಾನಿಗಳು ತೋರಿಸಿದ್ದಾರೆ.

ದನಿಯಿಂದ, ಆಸೆಯಿಂದ ಹಕ್ಕಿಯನ್ನು ಹತ್ತಿರ ಕರೆಯುವ ವಿದ್ಯೆ ಅಮೆರಿಕದವರ ಸ್ವತ್ತೇನಲ್ಲ. ಹಳಗನ್ನಡದಲ್ಲಿ ಅದಕ್ಕೊಂದು ಪಾರಿಭಾಷಿಕ ಪದವೇ ಇದೆ: ‘ದೀವ’ ಅಥವಾ ‘ದೀಹ’. ಸಾಕಿ ಪಳಗಿಸಿದ ಪ್ರಾಣಿಯನ್ನೋ ಹಕ್ಕಿಯನ್ನೋ ಮುಂದಿಟ್ಟು ಅದರ ಜಾತಿಯ ಕಾಡುಜೀವವನ್ನು ಬರಮಾಡಿಕೊಳ್ಳುವುದು. ಪಂಪನ ‘ವಿಕ್ರಮಾರ್ಜುನ ವಿಜಯ’ದ ಬೇಟೆಯ ಭಾಗವನ್ನು ಓದಿದವರಿಗೆ, ಹತ್ತನೆಯ ಶತಮಾನದ ಕನ್ನಡ ಬೇಟೆಗಾರ ಎಷ್ಟು ಲೆಕ್ಕಾಚಾರದ ಮನುಷ್ಯ ಎಂಬುದು ತಿಳಿಯುತ್ತದೆ. ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದ ತನ್ನ ‘ಮಾನಸೋಲ್ಲಾಸ’ದಲ್ಲಿ ಬೇಟೆಯನ್ನು ವಿನೋದಗಳಲ್ಲಿ ಒಂದಾಗಿ ವಿವರಿಸಿದ್ದಾನೆ. ಹಕ್ಕಿಯ ಬೇಟೆಗೆ ಗಿಡುಗವನ್ನು ಪಳಗಿಸುವ ಕ್ರಮವೂ ಅಲ್ಲಿದೆ.

ಇವೆಲ್ಲ ಅರಸರ ಬೇಟೆಯ ಮಾತು. ಅರಸನಿಗೆ ಗುರಿ ತಪ್ಪಿದರೆ ಊಟ ತಪ್ಪುತ್ತಿರಲಿಲ್ಲ. ಗುಡ್ಡದ ಬುಡದ ಒಕ್ಕಲಿನ ಬೇಟೆಗೆ ಶಾಸನವೂ ಇಲ್ಲ, ಕಾವ್ಯವೂ ಇಲ್ಲ. ಕನ್ನಡನಾಡಿನಲ್ಲಿ ಬೇಟೆನಾಯಿಗೆ ಸಿಕ್ಕ ಗೌರವವೂ ಅವನಿಗೆ ಸಿಗಲಿಲ್ಲ ಎಂದರೆ ತಪ್ಪಾಗದು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ ಸುಮಾರು ಕ್ರಿ.ಶ. 950ರ ಕಲ್ಲಿನಲ್ಲಿ, ಕಾಡುಹಂದಿಯೊಂದಿಗೆ ಕಾದಾಡಿ ಸತ್ತ ‘ಕಾಳಿ’ ಎಂಬ ನಾಯಿಯ ಕಥೆಯಿದೆ. ಅದರ ಒಡೆಯ ಮಣಲೆರ ತನ್ನ ಪರಾಕ್ರಮಕ್ಕೆ ಬಹುಮಾನವಾಗಿ ಗಂಗದೊರೆ ಬೂತುಗನಿಂದ ಬೇಡಿ ಪಡೆದದ್ದು ಊರನ್ನಲ್ಲ, ಆ ನಾಯಿಯನ್ನು. ಅದು ಸತ್ತಾಗ ಕಲ್ಲು ನಿಲ್ಲಿಸಿ ಭೂಮಿಯನ್ನೂ ಬಿಡಲಾಯಿತು.

ಕೋವಿ ಬಂದ ಮೇಲೆ ಬಿಲ್ಲು ಮೂಲೆ ಸೇರಿತು. ಮೊದಲು ಮದ್ದು ಗಟ್ಟಿಸಿ ಹೊಡೆಯುವ ಕೇಪಿನ ಕೋವಿ, ಆಮೇಲೆ ತೋಟೆ ಕೋವಿ. ಬಿಲ್ಲಿಗಿಂತ ಕೋವಿ ದೂರ ಹೊಡೆಯುತ್ತದೆ, ನಿಜ. ಆದರೆ ಬಿಲ್ಲಿಗೆ ಒಂದು ಅನುಕೂಲವಿತ್ತು, ಸದ್ದಿಲ್ಲ. ಈಡಿನ ಸದ್ದಿಗೆ ಇಡೀ ಬೆಟ್ಟದ ಹಕ್ಕಿ ಎದ್ದು ಹೋಗುತ್ತದೆ, ಗಾರ್ಡ್ ಕೂಡ ಎದ್ದು ಬರುತ್ತಾನೆ. ಬಾಣ ತಪ್ಪಿದರೆ ತಪ್ಪಿತು, ಸುದ್ದಿ ಯಾರಿಗೂ ತಲುಪದು.

ಬಿಲ್ಲು ಹೋದರೂ ಅದರ ಹೆಸರು ಹೋಗಲಿಲ್ಲ ಎಂಬುದು ಕುತೂಹಲದ ಸಂಗತಿ. ಮಲೆನಾಡಿನ ಸೋವು ಬೇಟೆಯಲ್ಲಿ ಒಂದು ಗುಂಪು ಹಳುವಿಗೆ ನುಗ್ಗಿ ಪ್ರಾಣಿಗಳನ್ನು ಎಬ್ಬಿಸುತ್ತಿತ್ತು. ಇನ್ನೊಂದು ಗುಂಪು ಕಂಡಿಗಳಲ್ಲಿ ಕೋವಿ ಹಿಡಿದು ಕಾಯುತ್ತಿತ್ತು. ಕಾಯುವವರನ್ನು ಕರೆಯುತ್ತಿದ್ದುದು ‘ಬಿಲ್ಲಿನವರು’ ಎಂದೇ. ಅವರು ನಿಲ್ಲುವುದು ‘ಬಿಲ್ಲಿಗೆ’. ಕೈಯಲ್ಲಿದ್ದುದು ಮಾತ್ರ ಜೋಡುನಳಿಗೆಯ ಕೋವಿ. ಕುವೆಂಪು ಅವರ ಬೇಟೆಯ ಬರಹಗಳನ್ನು ಬಲ್ಲವರಿಗೆ ಈ ಮಾತು ಹೊಸತಲ್ಲ. ಹುಡುಗರ ಕೈಯ ರಬ್ಬರ್ ಕವಣೆಯೂ ‘ಚಾಟರಬಿಲ್ಲು’ ಆಗಿ ಅದೇ ಹೆಸರನ್ನು ಉಳಿಸಿಕೊಂಡಿದೆ.

ಬಿಲ್ಲನ್ನು ಮೂಲೆಗೆ ತಳ್ಳಿದ್ದು ಕೋವಿಯೊಂದೇ ಅಲ್ಲ. ಉತ್ತರ ಕನ್ನಡ 1862ರಲ್ಲಿ ಮದರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಹದಿನಾರು ವರ್ಷಗಳ ನಂತರ, 1878ರಲ್ಲಿ, ಎರಡು ಕಾಯಿದೆಗಳು ಒಟ್ಟೊಟ್ಟಿಗೆ ಬಂದವು. ಒಂದು ಅರಣ್ಯ ಕಾಯಿದೆ: ಕಾದಿಟ್ಟ ಅರಣ್ಯದಲ್ಲಿ ನಿಯಮ ಮೀರಿ ಬೇಟೆಯಾಡುವುದು, ಉರುಳು ಒಡ್ಡುವುದು ಅಪರಾಧವಾಯಿತು. ಇನ್ನೊಂದು ಶಸ್ತ್ರಾಸ್ತ್ರ ಕಾಯಿದೆ: ಅದರ ವ್ಯಾಖ್ಯೆಯಲ್ಲಿ ಕೋವಿ, ಕತ್ತಿ, ಭರ್ಜಿ, ಫಿರಂಗಿಗಳ ಸಾಲಿನಲ್ಲೇ ಬಿಲ್ಲುಬಾಣವೂ ಸೇರಿತ್ತು. ಅಜ್ಜನ ಕಾಲದಿಂದ ಅಟ್ಟದ ಮೇಲಿದ್ದ ಬಿದಿರಿನ ಬಿಲ್ಲು ಸರಕಾರದ ಕಡತದಲ್ಲಿ ಫಿರಂಗಿಯ ತಮ್ಮನಾಯಿತು.

ಇದೇ ಕಾಲದಲ್ಲಿ ಈ ಜಿಲ್ಲೆಯ ಹಕ್ಕಿಗಳ ಮೊದಲ ದೊಡ್ಡ ದಾಖಲೆ ತಯಾರಾದದ್ದೂ ನಿಜ. ಕಲೆಕ್ಟರ್ ಆಗಿದ್ದ ಜೆ. ಡೇವಿಡ್ಸನ್ ಉತ್ತರ ಕನ್ನಡದ ಹಕ್ಕಿಗಳ ಬಗ್ಗೆ ಬರೆದ ಲೇಖನ 1898ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಬಂತು. ಅರಣ್ಯಾಧಿಕಾರಿ ಟಿ.ಆರ್. ಬೆಲ್ ಮತ್ತು ಉಪ್ಪಿನ ಇಲಾಖೆಯ ಇ.ಎಚ್. ಏಟ್ಕನ್ ಅವರ ಜೊತೆಗೂಡಿ ಡೇವಿಡ್ಸನ್ ಜಿಲ್ಲೆಯ ಚಿಟ್ಟೆಗಳನ್ನೂ ದಾಖಲಿಸಿದರು. ಈ ಸಾಹೇಬರುಗಳ ಶ್ರದ್ಧೆ ದೊಡ್ಡದು, ಅನುಮಾನವಿಲ್ಲ. ಆದರೆ ಸಾಹೇಬರು ಗೂಡಿನಿಂದ ಮೊಟ್ಟೆ ತೆಗೆದರೆ ಅದು ಶಾಸ್ತ್ರ, ಒಕ್ಕಲಿನವನು ಉರುಳು ಹಾಕಿ ಕೋಳಿ ಹಿಡಿದರೆ ಅದು ಕೇಸು. ಈ ಅಂತರವನ್ನು ಮರೆತು ಆ ಕಾಲದ ಬೇಟೆಯ ಚರಿತ್ರೆ ಬರೆಯಲಾಗದು.

1912ರ ಕಾಯಿದೆ ಕಾಡುಕೋಳಿ, ನವಿಲು, ಗೌಜಲಹಕ್ಕಿ ಮುಂತಾದವುಗಳಿಗೆ ‘ಬೇಟೆ ನಿಷೇಧದ ತಿಂಗಳು’ಗಳನ್ನು ಗೊತ್ತುಪಡಿಸುವ ಅಧಿಕಾರವನ್ನು ಸರಕಾರಗಳಿಗೆ ಕೊಟ್ಟಿತು. ಋತು ನೋಡಿ ಬೇಟೆ ಎಂಬ ಕಲ್ಪನೆ ಕಾನೂನಿನ ರೂಪದಲ್ಲಿ ಇಲ್ಲಿಗೆ ಬಂದದ್ದು ಹೀಗೆ. ಸ್ವಾತಂತ್ರ್ಯಾನಂತರ ಮುಂಬಯಿ ಸರಕಾರ 1951ರಲ್ಲಿ ತನ್ನದೇ ವನ್ಯಪ್ರಾಣಿ, ಪಕ್ಷಿ ಸಂರಕ್ಷಣಾ ಕಾಯಿದೆ ಮಾಡಿತು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1963ರಲ್ಲಿ ನವಿಲು ರಾಷ್ಟ್ರಪಕ್ಷಿಯಾಯಿತು.

1972 ಒಂದು ವಿಚಿತ್ರ ವರ್ಷ. ಅಮೆರಿಕ 1937ರಿಂದಲೇ ಕೋವಿ, ತೋಟೆಗಳ ಮೇಲಿನ ತೆರಿಗೆಯನ್ನು ವನ್ಯಜೀವಿ ಸಂರಕ್ಷಣೆಗೆ ಬಳಸುತ್ತಿತ್ತು. 1972ರಲ್ಲಿ ಬಿಲ್ಲುಬಾಣಗಳನ್ನೂ ಆ ತೆರಿಗೆಗೆ ಸೇರಿಸಿತು. ಬೇಟೆಗಾರನ ಹಣದಿಂದಲೇ ಬೇಟೆಯ ಹಕ್ಕಿಯನ್ನು ಬೆಳೆಸುವುದು ಅದರ ದಾರಿ. ಅದೇ ವರ್ಷ ಭಾರತ ವನ್ಯಜೀವಿ ಸಂರಕ್ಷಣಾ ಕಾಯಿದೆ ತಂದು ಇನ್ನೊಂದು ದಾರಿ ಹಿಡಿಯಿತು. ಮೊದಲಿಗೆ ಪರವಾನಗಿ ಬೇಟೆಗೆ ಕಿಂಡಿ ಇತ್ತು. 1991ರ ತಿದ್ದುಪಡಿ ಅದನ್ನೂ ಮುಚ್ಚಿತು. ಕಾಯಿದೆಯ ಪ್ರಕಾರ ಕೊಲ್ಲುವುದಷ್ಟೇ ಬೇಟೆಯಲ್ಲ. ಹಿಡಿಯುವುದು, ಉರುಳು ಒಡ್ಡುವುದು, ಮೊಟ್ಟೆ ತೆಗೆಯುವುದು, ಗೂಡು ಕೆಡಿಸುವುದೂ ಬೇಟೆಯೇ.

ಕಾಡುಕೋಳಿಗೆ ಕುತ್ತು ಬಂದದ್ದು ಬಾಯಿರುಚಿಯಿಂದ ಮಾತ್ರವಲ್ಲ. ಹುಂಜದ ಕುತ್ತಿಗೆಯ ಗರಿಗಳ ತುದಿಯಲ್ಲಿ ಅರಗು ಅಂಟಿಸಿದಂತೆ ಹಳದಿ ಹೊಳೆಯುವ ಚುಕ್ಕೆಗಳಿವೆ. ಬ್ರಿಟನ್ನಿನಲ್ಲಿ ಸಾಲ್ಮನ್ ಮೀನು ಹಿಡಿಯುವ ಶ್ರೀಮಂತರ ಗಾಳಕ್ಕೆ ಹುಳುವಿನಂತೆ ಕಟ್ಟಲು ಈ ಗರಿಯೇ ಬೇಕು. ಹಕ್ಕಿಯ ಗರಿ ರಫ್ತಿಗೆ 1902ರಷ್ಟು ಹಿಂದೆಯೇ ನಿಷೇಧ ಬಂದರೂ ಆಸೆ ನಿಲ್ಲಲಿಲ್ಲ. ಈಗ ಅಲ್ಲಿಯವರೇ ಈ ಕೋಳಿಯನ್ನು ಸಾಕಿ ಗರಿ ಪಡೆಯುತ್ತಾರೆ.

ಇತ್ತ ಹೊನ್ನಾವರ ಕಡೆಯ ಕಾಡಿನ ಭಾಗವೊಂದು 2019ರಲ್ಲಿ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯಕ್ಕೆ ಸೇರಿತು. ಕಾಡಂಚಿನ ರೈತನ ಬಳಿ ಉಳಿದಿರುವುದು ಬೆಳೆ ರಕ್ಷಣೆಯ ಪರವಾನಗಿ ಕೋವಿ. ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಗೆ ಒಪ್ಪಿಸುವ ಆದೇಶ ಬರುತ್ತದೆ. ಚುನಾವಣೆಯ ಸುದ್ದಿ ಹಂದಿಗೂ ಮಂಗನಿಗೂ ಮೊದಲೇ ತಿಳಿಯುತ್ತದೆ ಎಂಬ ಕುಹಕ ಕೇಳಿಬಂದರೆ ಆಶ್ಚರ್ಯವಿಲ್ಲ. ನವಿಲು ಗದ್ದೆಗಿಳಿದರೆ ಓಡಿಸಬಹುದು, ಅಷ್ಟೇ.

ಬಿಲ್ಲು ಹಿಡಿದ ಬೇಟೆಗಾರನನ್ನು ಇಂದು ನೋಡಬೇಕೆಂದರೆ ಜಾತ್ರೆಗೋ ಆಟಕ್ಕೋ ಹೋಗಬೇಕು. ಕರಾವಳಿಯ ಅನೇಕ ದೇವಸ್ಥಾನಗಳ ರಥೋತ್ಸವದ ಕಾರ್ಯಕ್ರಮಪಟ್ಟಿಯಲ್ಲಿ ‘ಮೃಗಬೇಟೆ’ ಎಂಬ ಸಾಲು ಇರುತ್ತದೆ. ದೇವರು ಬೇಟೆಗೆಂದು ಪಲ್ಲಕ್ಕಿಯಲ್ಲಿ ಹೊರಟು ಹಿಂದಿರುಗುತ್ತಾನೆ, ಒಂದು ಹನಿ ರಕ್ತವಿಲ್ಲ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳ ಕಟ್ಟಿದ ಹೊನ್ನಾವರ ತಾಲ್ಲೂಕಿನಲ್ಲಿ ಯಕ್ಷಗಾನದ ಕಿರಾತ ಅಪರಿಚಿತನೇನಲ್ಲ. ಒಂದೇ ಹಂದಿಗೆ ಅರ್ಜುನನ ಬಾಣವೂ ಕಿರಾತನ ಬಾಣವೂ ತಗಲುತ್ತವೆ. ಬೇಟೆ ಯಾರದು? ಈ ಪ್ರಶ್ನೆಗೆ ಇಬ್ಬರು ಅರ್ಥಧಾರಿಗಳು ಸಿಕ್ಕರೆ ಬೆಳಗಿನ ಜಾವದವರೆಗೂ ಉತ್ತರ ಸಿಗುವುದಿಲ್ಲ.